ಯಾದಿಯ ಕೊನೆಯ ಕಲಮು

ನನಗೊಂದು ಚಟವಿದೆ. ಎಲೆ ಅಡಿಕೆಯದಲ್ಲ, ನಶ್ಯದ್ದಲ್ಲ. ಇಸ್ಪೀಟಂತೂ ಅಲ್ಲವೇ ಅಲ್ಲ, ಸೋಲುವುದಕ್ಕೂ ಸ್ವಲ್ಪ ಧೈರ್ಯ ಬೇಕಾಗುತ್ತದೆ. ನನ್ನದು ಅರ್ಜಿ ಬರೆಯುವ ಚಟ. ಯಾವ ಕೆಲಸವೇ ಇರಲಿ, ಮೊದಲು ಕಾಗದದ ಮೇಲೆ ಬರೆಯಬೇಕು, ಕೆಳಗೆ ಸಹಿ ಹಾಕಬೇಕು, ಮೇಲಿನವರು ಯಾರಾದರೂ ‘ಹೂಂ’ ಎನ್ನಬೇಕು. ಅಲ್ಲಿಯವರೆಗೆ ನನ್ನ ಕಾಲು ಏಳುವುದಿಲ್ಲ. ಚಿಕ್ಕಂದಿನಲ್ಲಿ ಅಪ್ಪನಿಗೆ ಬಳಪ ತಂದುಕೊಡಿರೆಂದು ಪಾಟಿಯ ಮೇಲೆ ಅರ್ಜಿ ಬರೆದು ಅವನ ಊಟದ ತಟ್ಟೆಯ ಪಕ್ಕ ಇಟ್ಟಿದ್ದೆನಂತೆ. ನನಗೆ ನೆನಪಿಲ್ಲ, ಆದರೆ ನಾನು ಮಾಡಿರಬಹುದಾದ ಕೆಲಸವೇ ಹೌದು. ಮುಂದೆ ಯಲ್ಲಾಪುರದಲ್ಲಿ ನೌಕರಿಯಲ್ಲಿದ್ದಾಗ ಒಮ್ಮೆ ಅಂಕೋಲೆಯಿಂದ ಬರುತ್ತಿದ್ದೆ. ಅರಬೈಲ್ ಘಟ್ಟದಲ್ಲಿ ಬಸ್ಸು ಕೆಟ್ಟು ನಿಂತಿತು. ಗಂಡಸರೆಲ್ಲ ಇಳಿದು ತಳ್ಳಿದರು. ಕಚ್ಚೆ ಸೀರೆಯ ಒಬ್ಬ ಮುದುಕಿ ಕೂಡ ಇಳಿದು ಚಕ್ರಕ್ಕೆ ಕಲ್ಲು ಇಟ್ಟಳು. ನಾನೊಬ್ಬನೇ ಒಳಗೆ ಕುಳಿತು, ಮರುದಿನ ಕಚೇರಿಗೆ ತಡವಾಗಿ ಬಂದುದಕ್ಕೆ ಕೊಡಬೇಕಾದ ಸಮಜಾಯಿಷಿ ಬರೆಯುತ್ತಿದ್ದೆ. ಬಸ್ಸು ಹೊರಟು, ನಾನು ಸರಿಯಾದ ವೇಳೆಗೇ ಮುಟ್ಟಿದೆ. ಬರೆದ ಕಾಗದ ವ್ಯರ್ಥವಾಯಿತಲ್ಲ ಎಂದು ವ್ಯಥೆಪಟ್ಟೆ.

ಈ ಚಟಕ್ಕೆ ತಕ್ಕ ಉದ್ಯೋಗವೂ ಸಿಕ್ಕಿತ್ತು. ಮುಂದೆ ಶಿರಸಿಯ ಒಂದು ಸರಕಾರಿ ಕಚೇರಿಯಲ್ಲಿ ನಾನು ಕಾರಕೂನ, ಅಲ್ಲೇ ಮನೆ ಮಾಡಿದ್ದೆ, ಅಪ್ಪ ಅವ್ವ ಊರಲ್ಲಿದ್ದರು. ಮುಂಬಯಿ ಸರಕಾರದವರಾಗಿ ಮಲಗಿದ್ದ ನಾವು ಮೈಸೂರು ಸರಕಾರದವರಾಗಿ ಎದ್ದ ಕಾಲ ಅದು. ಮೇಜು ಅವೇ, ಕುರ್ಚಿ ಅವೇ, ಕುರ್ಚಿಯೊಳಗಿನ ತಿಗಣೆಗಳೂ ಅವೇ. ನಿಯಮಗಳು ಮಾತ್ರ ಹೊಸವು. ಯಾವುದು ಉಳಿದಿದೆ, ಯಾವುದು ಹೋಗಿದೆ ಎಂದು ಯಾರಿಗೂ ಗೊತ್ತಿಲ್ಲದ್ದರಿಂದ ಎಲ್ಲವನ್ನೂ ಎರಡೆರಡು ಪ್ರತಿ ಬರೆಯುತ್ತಿದ್ದೆವು. ‘ಬಾಯಿಮಾತು ಗಾಳಿಮಾತು, ಬರೆದಿಟ್ಟದ್ದೇ ಮಾತು’ ಎಂದು ನಾನು ಮನೆಯಲ್ಲೂ ಹೇಳುತ್ತಿದ್ದೆ. ಹೇಳಿ ಹೇಳಿ ಮನೆಯವರಿಗೆಲ್ಲ ಬಾಯಿಪಾಠವಾಗಿತ್ತು.

ಅಕ್ಷರ ದುಂಡಗಿದ್ದುದರಿಂದ ನಮ್ಮ ಬಳಗದಲ್ಲಿ ಯಾರ ಮದುವೆ ನಿಶ್ಚಯವಾದರೂ ಯಾದಿ ಬರೆಯಲು ನನ್ನನ್ನೇ ಕರೆಯುತ್ತಿದ್ದರು. ಬನವಾಸಿಯ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಯಾದಿ ಎಂದರೆ ಸಣ್ಣ ಸಂಗತಿಯಲ್ಲ. ಹೆಣ್ಣಿನವರು ಏನು ಮಾಡಬೇಕು, ಗಂಡಿನವರು ಏನು ತರಬೇಕು, ಹಂಡೆ ಯಾರದು, ಹಾಸಿಗೆ ಯಾರದು, ವಾಲಗದವರಿಗೆ ಊಟ ಯಾರ ಮನೆಯಲ್ಲಿ ಎಂಬುದನ್ನೆಲ್ಲ ಹಿರಿಯರ ಎದುರು ಕಲಮು ಕಲಮಾಗಿ ಬರೆದು, ಗಟ್ಟಿಯಾಗಿ ಓದಿ, ಕಾಗದದ ಮೂಲೆಗಳಿಗೆ ಅರಿಸಿನ ಹಚ್ಚಿ ಎರಡೂ ಕಡೆಯವರು ಸಹಿ ಹಾಕುತ್ತಾರೆ. ಆಮೇಲೆ ಅದರಲ್ಲಿ ಇದ್ದದ್ದು ಆಗಲೇಬೇಕು. ನಾನು ಬರೆದ ಯಾದಿಯೊಂದರಲ್ಲಿದ್ದ ಹಿತ್ತಾಳೆ ತಂಬಿಗೆಯ ಸಲುವಾಗಿ ಎರಡು ಮನೆತನಗಳು ಮಾತು ಬಿಟ್ಟಿದ್ದವು. ಅದು ನನಗೆ ಹೆಮ್ಮೆಯ ವಿಷಯವಾಗಿತ್ತು. ಬರೆದದ್ದಕ್ಕೆ ಅಷ್ಟು ಬೆಲೆ ಎಂದು.

ಇಷ್ಟು ಪೀಠಿಕೆ ನನ್ನ ತಂಗಿ ನೀಲವ್ವನ ಯಾದಿಯ ಬಗ್ಗೆ ಹೇಳುವುದಕ್ಕೆ. ನನಗೆ ಇಬ್ಬರು ತಂಗಿಯರು. ದೊಡ್ಡವಳು ಗೌರವ್ವ. ಅವಳನ್ನು ಎಕ್ಕಂಬಿಯಲ್ಲಿ ಕಾಳಿನ ಅಂಗಡಿ ಇಟ್ಟಿದ್ದ ಈರಪ್ಪನಿಗೆ ಕೊಟ್ಟಿದ್ದೆವು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ನಮ್ಮ ಮನೆಯ ನಡುಕೋಣೆಯಲ್ಲೇ ತೀರಿಹೋದಳು. ಹೆಣ್ಣುಮಗು ಉಳಿಯಿತು, ಅವ್ವ ಅದನ್ನು ಆಡಿನ ಹಾಲು ಹಾಕಿ ಬೆಳೆಸುತ್ತಿದ್ದಳು. ಒಂದೂವರೆ ವರ್ಷವಾದ ಮೇಲೆ ಹಿರಿಯರು ಕುಳಿತು, ಕೂಸಿಗೆ ಮಲತಾಯಿ ಬರುವುದಕ್ಕಿಂತ ಚಿಕ್ಕವ್ವನೇ ತಾಯಿಯಾಗಲಿ ಎಂದು, ನೀಲವ್ವನನ್ನೇ ಈರಪ್ಪನಿಗೆ ಕೊಡುವುದೆಂದು ತೀರ್ಮಾನಿಸಿದರು. ನೀಲವ್ವನಿಗೆ ಆಗ ಹತ್ತೊಂಬತ್ತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದಳು. ಅಪ್ಪ ಅವಳನ್ನು ಕರೆದು, “ನೋಡವ್ವಾ, ತಾಯಿ ಇದ್ದಂಗ ನೀನು, ನಿನಗ ಯಾವ ಕೊರತೀನೂ ಮಾಡಂಗಿಲ್ಲ. ಸೀರಿ, ಕುಪ್ಪಸ, ವಾಲಗ, ಊಟ, ಎಲ್ಲಾ ನಿನ್ನ ಮನಸಿಗೆ ಬಂದಂಗ. ನೀ ಹೇಳಿದ್ದ ಆಗಲಿ,” ಎಂದ. ವರನೊಬ್ಬನನ್ನು ಬಿಟ್ಟು ಉಳಿದ ಎಲ್ಲದರಲ್ಲೂ ಅವಳಿಗೆ ಪೂರ್ಣ ಸ್ವಾತಂತ್ರ್ಯ. ನಾವು ಎಷ್ಟು ಸುಧಾರಿಸಿದವರು ಎಂದು ನಾನು ಕಚೇರಿಯಲ್ಲಿ ಹೇಳಿಕೊಂಡೆ.

ಅವಳು ಒಲ್ಲೆ ಎನ್ನಲಿಲ್ಲ. ಅಂದು ಸಂಜೆ ಹಿತ್ತಲಲ್ಲಿ ಹಂಚಿನ ಮೇಲೆ ಒಣಹಾಕಿದ್ದ ಹಪ್ಪಳ ತೆಗೆಯುತ್ತ ನನ್ನೊಬ್ಬನ ಹತ್ತಿರ ಹೇಳಿದಳು: “ಅಣ್ಣಾ, ಭಾವ ಒಳ್ಳ್ಯಾಂವ. ಕೂಸು ನಂದ ಅನ್ನಂಗ ಆಗೇತಿ. ಮದುವಿಗೆ ನಾ ಅಂಜಂಗಿಲ್ಲ. ಮುಂದಿಂದಕ್ಕ ಅಂಜಿಕಿ. ಆ ಕ್ವಾಣ್ಯಾಗ ಅಕ್ಕನ ಕೈ ನಾ ಹಿಡಕೊಂಡು ಕುಂತಿದ್ದೆ. ಮೋಟಾರ್ ಬಂತೇನ, ಮೋಟಾರ್ ಬಂತೇನ ಅಂತ ಕೇಳ್ತಿದ್ಲು. ನಾ ಬಾಗಲಕ್ಕ ಹೋಗಿ ನೋಡಿ ಬಂದು, ಬಂತು ಬಂತು ಅಂತ ಸುಳ್ಳು ಹೇಳ್ತಿದ್ದೆ.” ನಾನು, “ಅದೆಲ್ಲಾ ಈಗ ಯಾಕ? ಶುಭಕಾರ್ಯ ಇಟ್ಕೊಂಡು,” ಎಂದೆ. ಎಂದು, ಒಂದು ಹಪ್ಪಳ ಮುರಿದು ತಿಂದೆ. ಅದರ ರುಚಿ ಇವತ್ತಿಗೂ ಗೊತ್ತಿದೆ, ಉಪ್ಪು ಹೆಚ್ಚಾಗಿತ್ತು.

ಯಾದಿಗೂ ಮೊದಲು ಜವಳಿಗೆ ಹೋಗುವುದು ಕ್ರಮವಲ್ಲ. ಆದರೆ ಹೆಂಡತಿ ಸತ್ತವನು ಮತ್ತೆ ಮದುವೆಯಾಗುವಾಗ ಮೊದಲು ಸತ್ತವಳ ಹೆಸರಿನಲ್ಲಿ ಒಂದು ಸೀರೆ ಏರಿಸಿ ಪೂಜೆ ಮಾಡಬೇಕು. ಅವಳ ಹೆಸರಿನದೇ ಒಂದು ಸಣ್ಣ ಬಂಗಾರದ ಬಿಲ್ಲೆಯನ್ನು ಹೊಸ ಹೆಂಡತಿ ತಾಳಿಯ ಜೊತೆ ಕಟ್ಟಿಕೊಳ್ಳಬೇಕು. ಇದಕ್ಕೆ ಸವತಿ ತಾಳಿ ಎನ್ನುತ್ತಾರೆ. ಅವಳ ಸೀರೆ ಮನೆಗೆ ಬಂದರೆ ಅವಳ ಒಪ್ಪಿಗೆ ಸಿಕ್ಕಂತೆ, ಅಲ್ಲಿಯವರೆಗೆ ಯಾದಿ ಬರೆಯಕೂಡದು ಎಂದು ಅವ್ವ ಹಟ ಹಿಡಿದಳು. ಸತ್ತವಳ ಒಪ್ಪಿಗೆ ಕೇಳುವ ಪದ್ಧತಿ ನಮ್ಮಲ್ಲಿ ಮೊದಲಿನಿಂದ ಇದೆ. ಬದುಕಿದ್ದವಳದನ್ನು ಕೇಳುವ ಪದ್ಧತಿ ಇನ್ನೂ ಬಂದಿರಲಿಲ್ಲ. ಅಂತೂ ಒಂದು ರವಿವಾರ ನಾನೂ ನೀಲವ್ವನೂ ಶಿರಸಿಯ ಜವಳಿ ಅಂಗಡಿಯಲ್ಲಿ ಕುಳಿತೆವು.

ಹೆಂಗಸರ ಜೊತೆ ಸೀರೆ ಕೊಳ್ಳಲು ಹೋದ ಗಂಡಸರ ಪಾಡನ್ನು ವರ್ಣಿಸುವ ಅಗತ್ಯವಿಲ್ಲ. ಆದರೆ ನನ್ನ ಪಾಡು ಒಂದು ಕೈ ಮೇಲು. ನೀಲವ್ವ ಬದುಕಿದ್ದವರ ಸೀರೆಗಲ್ಲ, ಸತ್ತವಳ ಸೀರೆಗಾಗಿ ಮೂರು ಅಂಗಡಿ ಹತ್ತಿ ಇಳಿಸಿದಳು. ಇಳಕಲ್ಲಿನದೇ ಬೇಕು, ಒಡಲು ಗಿಳಿಹಸಿರೇ ಆಗಬೇಕು, ಸೆರಗು ಕೆಂಪಿರಬೇಕು. ಗಿಳಿಹಸಿರು ಎಂದು ತೋರಿಸಿದ್ದೆಲ್ಲ ಅವಳಿಗೆ ಪಾಚಿಹಸಿರಾಗಿ ಕಂಡಿತು. “ಏರಿಸೋ ಸೀರಿಗೆ ಇಷ್ಟ್ಯಾಕ ನೋಡಾಕತ್ತೀರಿ ತಂಗೀ? ಯಾವದಾದ್ರೂ ನಡೀತೈತಿ,” ಎಂದ ಅಂಗಡಿಯವನು. ನೀಲವ್ವ, “ಆಕೀ ಮದುವ್ಯಾಗ ಆಕಿ ಹಸರು ಬೇಡಿದ್ಲು. ಮೊದಲ್ನೇ ಸೀರಿ ಕೆಂಪ ಇರಬೇಕಂತ ಇವ್ರು ಕೆಂಪ ತಂದ್ರು,” ಎಂದು ನನ್ನ ಕಡೆ ಗಲ್ಲ ಎತ್ತಿ ತೋರಿಸಿದಳು. ತಂದವನು ನಾನೇ. ಯಾದಿಯಲ್ಲಿ ‘ಕೆಂಪು’ ಎಂದು ಬರೆದಿದ್ದೆನಲ್ಲ. ಕೊನೆಗೆ ಹಸಿರು ಸಿಕ್ಕಿತು. ನಿನ್ನ ಸೀರೆ ಎಂದು ಕೇಳಿದರೆ ಕಣ್ಣೆದುರಿಗೆ ಇದ್ದುದನ್ನು ಎತ್ತಿ, “ಇದ ಸಾಕು,” ಎಂದಳು. ಬಣ್ಣ ಯಾವುದೆಂದು ನೋಡಿದಳೋ ಇಲ್ಲವೋ. ಬಂಗಾರದ ಪತ್ತಾರನ ಅಂಗಡಿಯಲ್ಲೂ ಹೀಗೇ. ತನ್ನ ಓಲೆಯ ಬಗ್ಗೆ ಒಂದು ಮಾತಿಲ್ಲ. ಬಿಲ್ಲೆಯ ಹಿಂಬದಿ ಮಾತ್ರ ನುಣ್ಣಗಿರಬೇಕು, ಅಂಚು ತೀಡಿರಬೇಕು: “ದಿನಾ ಎದಿ ಮ್ಯಾಲೆ ಕುಂದ್ರಾಕಿ ಆಕಿ. ನಂಗೂ ಚುಚ್ಚಬಾರದು, ಆಕೀಗೂ ತ್ರಾಸ ಆಗಬಾರದು.”

ಗಂಟು ಮೂಟೆಗಳಾಗಿದ್ದುದರಿಂದ ತಿರುಗಿ ಬರಲು ಖಾದರ್‌ಸಾಬನ ಬಾಡಿಗೆ ಮೋಟಾರು ಮಾಡಿದೆವು. ಇಲ್ಲಿಯೇ ನನ್ನ ಗ್ರಹಚಾರ. ಬೇರೆ ಮೋಟಾರು ಸಿಕ್ಕಿದ್ದರೆ ನಾನು ಇಂದಿಗೂ ಮನೆಯಲ್ಲಿ ಮರ್ಯಾದಸ್ಥನಾಗಿರುತ್ತಿದ್ದೆ. ಊರು ದಾಟಿದ ಮೇಲೆ ಖಾದರ್‌ಸಾಬ ಗಾಡಿ ನಿಧಾನ ಮಾಡಿ, ಹಿಂದೆ ಕುಳಿತ ನೀಲವ್ವನಿಗೆ ಹೇಳಿದ: “ತಂಗೀ, ಒಂದ್ ಮಾತು, ಬೇಜಾರ್ ಮಾಡ್ಕೋಬ್ಯಾಡ್ರಿ. ನಿಮ್ಮೂರಲ್ಲಿ ಎಲ್ಲಾರೂ ಅಂತಾರೆ, ಖಾದರನ ಗಾಡಿ ಕೆಟ್ಟು ನಿಂತಿತ್ತು, ಅದಕ್ಕೇ ನಿಮ್ಮಕ್ಕಾವ್ರು ಹೋದ್ರು ಅಂತ. ಅವತ್ತಿಂದ ಬಸರಿ ಹೆಂಗಸ್ರಿಗೆ ನನ್ ಗಾಡಿ ಕರೆಯೋದೇ ಬಿಟ್ಟಾರೆ. ಖುದಾನ ಆಣೆ, ನನ್ ಗಾಡಿ ಅವತ್ತು ಕೆಟ್ಟಿರ್ಲಿಲ್ಲ. ಅಣ್ಣಾವ್ರೇ ಇದಾರಲ್ಲ, ಕೇಳ್ರಿ. ಹನ್ನೊಂದಕ್ಕೆ ನಿಲ್ಸು ಅಂದ್ರು, ನಿಲ್ಸಿದೆ. ರಜಾ ಚೀಟಿಗೆ ಸಾಹೇಬ್ರ ಸಹಿ ಆಗ್ಬೇಕು ಅಂದ್ರು. ಮೂರರ ತನಕ ಕಚೇರಿ ಮುಂದೇ ಕುಂತಿದ್ದೆ.”

ನಾನು ಮುಂದಿನ ಸೀಟಿನಲ್ಲಿದ್ದೆ. ಮೈಲುಗಲ್ಲು ನೋಡುತ್ತಿದ್ದೆ.

ಈಗ ನಿಮಗೂ ಹೇಳಿಬಿಡುತ್ತೇನೆ. ಅವತ್ತು ಪಕ್ಕದ ಮನೆಯ ಹನುಮಂತಪ್ಪ ಸೈಕಲ್ ತುಳಿದುಕೊಂಡು ಬಂದು, ಗೌರವ್ವನಿಗೆ ನಿನ್ನೆ ರಾತ್ರಿಯಿಂದ ಬೇನೆ, ಸೂಲಗಿತ್ತಿ ಕೈಬಿಟ್ಟಿದ್ದಾಳೆ, ಮೋಟಾರು ತಂದು ದವಾಖಾನೆಗೆ ಒಯ್ಯಬೇಕು ಎಂದ. ನಾನು ಓಡಿಹೋಗಿ ಖಾದರ್‌ಸಾಬನಿಗೆ ಹೇಳಿದೆ. ಓಡಿ ಬಂದು ಅರ್ಜಿ ಬರೆದೆ. ಬಹಳ ಚೆನ್ನಾಗಿ ಬರೆದೆ. ‘ನನ್ನ ತಂಗಿಯ ಪ್ರಕೃತಿ ಅತ್ಯಂತ ಅಸ್ವಸ್ಥವಾಗಿರುವ ಕಾರಣ’ ಎಂಬಲ್ಲಿ ಮಸಿ ಹರಡಿತೆಂದು ಇನ್ನೊಮ್ಮೆ ಬರೆದೆ. ಸಹಿ ಹಾಕಬೇಕಾದ ಸಾಹೇಬರು ಬೇರೆ ಕೆಲಸದ ಮೇಲೆ ಹೊರಗೆ ಹೋಗಿದ್ದರು. ಈಗ ಬರುತ್ತಾರೆ, ಈಗ ಬರುತ್ತಾರೆ ಎಂದು ಕುಳಿತೆ. ಯಾರೂ ನನ್ನನ್ನು ಹಿಡಿದು ನಿಲ್ಲಿಸಿರಲಿಲ್ಲ. ಬಾಗಿಲು ತೆರೆದೇ ಇತ್ತು. ಮೂರು ಗಂಟೆಗೆ ಅವರು ಬಂದು, ಕಾಗದ ಓದಿ, ಕನ್ನಡಕ ತೆಗೆದು, “ಅಯ್ಯೋ, ಇದಕ್ಕ ಯಾಕ ಕುಂತ್ರಿ? ಹೇಳಿ ಹೋಗಬೇಕಾಗಿತ್ತಲ್ಲಾ!” ಎಂದರು. ಎಂದು ಸಹಿ ಹಾಕಿದರು. ನಾವು ಊರು ಮುಟ್ಟಿದಾಗ ಗೌರವ್ವ ಹೋಗಿ ಒಂದು ತಾಸಾಗಿತ್ತು. ಇಷ್ಟು ತಡವೇಕೆ ಎಂದು ಅಪ್ಪ ಕೇಳಿದ. ನನ್ನ ಬಾಯಿಂದ, “ಗಾಡಿ ಕೆಟ್ಟಿತ್ತು,” ಎಂದು ಬಂತು. ಜೀವಮಾನದಲ್ಲಿ ಬರೆಯುವ ಮೊದಲೇ ಆಡಿದ ಮಾತು ಅದೊಂದೇ, ಅದೂ ಸುಳ್ಳು.

ನೀಲವ್ವ ಮನೆ ಬರುವವರೆಗೆ ಮಡಿಲಲ್ಲಿದ್ದ ಹಸಿರು ಸೀರೆಯ ಗಂಟನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಅಪ್ಪನಿಗೆ ಹೇಳುತ್ತಾಳೆ, ಅವ್ವನಿಗೆ ಹೇಳುತ್ತಾಳೆ ಎಂದು ನಾನು ಎರಡು ದಿನ ಊಟ ಸೇರದೆ ತಿರುಗಿದೆ. ಅವಳು ಯಾರಿಗೂ ಹೇಳಲಿಲ್ಲ. ಯಾದಿಯ ದಿನ ಬೆಳಿಗ್ಗೆ, ಎಕ್ಕಂಬಿಯವರು ಇನ್ನೂ ಬಂದಿರಲಿಲ್ಲ, ನಾನು ಕಾಗದಕ್ಕೆ ಅಂಚು ಮಡಚುತ್ತ ಕುಳಿತಿದ್ದಾಗ ತನ್ನ ಶಾಲೆಯ ವಹಿಯ ಹಾಳೆ ಹರಿದು ತಂದು ಎದುರಿಗಿಟ್ಟಳು. ಸೀಸದಕಡ್ಡಿಯಲ್ಲಿ ಬರೆದಿದ್ದಳು. ಅಪ್ಪ ಎಲ್ಲ ನಿನ್ನ ಮನಸ್ಸಿನಂತೆ ಎಂದಿದ್ದನಲ್ಲ, ಅವಳ ಮನಸ್ಸಿನದು ಎರಡೇ ಸಾಲಿತ್ತು. ಒಂದು, ಹೆರಿಗೆ ಬೇನೆ ಸುರುವಾದ ಕೂಡಲೇ ಹೆಣ್ಣಿನವರು ಮೋಟಾರು ತರಿಸಿ ಶಿರಸಿಯ ದವಾಖಾನೆಗೆ ಒಯ್ಯತಕ್ಕದ್ದು. ಎರಡು, ಅಣ್ಣನು ರಜೆಯ ಅರ್ಜಿ ಬರೆಯದೆ ಹೊರಡತಕ್ಕದ್ದು. ‘ತಕ್ಕದ್ದು’ ಎಂಬುದನ್ನು ನನ್ನಿಂದಲೇ ಕಲಿತಿದ್ದಳು.

“ನೀಲಾ, ಇದು ಮದುವಿ ಯಾದಿ. ಹಂಡೇದು, ಹಾಸಿಗೀದು ಬರಿಯೂದು. ಇಂಥಾವೆಲ್ಲಾ ಬಾಯಿಲೇ ಹೇಳಿದ್ರ ಆತು. ನಾ ಇಲ್ಲೇನು? ನಾ ಹೊಂಡತೀನಿ,” ಎಂದೆ.

“ಬಾಯಿಮಾತು ಗಾಳಿಮಾತು ಅಂತ ನೀನ ಅಂತಿ,” ಎಂದಳು. “ಬರಿ.”

ಹನ್ನೊಂದರ ಹೊತ್ತಿಗೆ ಜಮಖಾನೆಯ ಮೇಲೆ ಎರಡೂ ಕಡೆಯ ಹಿರಿಯರು ಕೂತರು. ಈರಪ್ಪ ಒಂದು ಮೂಲೆಯಲ್ಲಿ, ಎರಡನೆಯ ಸಲದ ವರ ಹೇಗೆ ಕೂರಬೇಕೋ ಹಾಗೆ, ತಲೆ ತಗ್ಗಿಸಿ ಕೂತಿದ್ದ. ಕಚೇರಿಯ ಅನುಭವ ನನಗೆ ಅಂದು ಉಪಯೋಗಕ್ಕೆ ಬಂತು. ಸಾಹೇಬರ ಕಣ್ಣಿಗೆ ಬೀಳಬಾರದ ಸಂಗತಿಯನ್ನು ಉದ್ದನೆಯ ಪಟ್ಟಿಯ ನಡುವೆ ಇಡಬೇಕು, ಮೇಲೂ ಅಲ್ಲ, ಕೆಳಗೂ ಅಲ್ಲ. ಹಂಡೆ ಮತ್ತು ಜೋಡುಚಾಪೆಗಳ ನಡುವೆ ನೀಲವ್ವನ ಮೊದಲ ಸಾಲು ಬರೆದೆ. ಎರಡನೆಯ ಸಾಲು ಬರೆಯಲಿಲ್ಲ. ಓದುವಾಗ ಒಂದೇ ಉಸಿರಿನಲ್ಲಿ, ‘ತಾಮ್ರದ ಹಂಡೆ ಒಂದು ಹೆರಿಗೆಬೇನೆಸುರುವಾದಕೂಡಲೇಮೋಟಾರು ಜೋಡುಚಾಪೆ ಎರಡು’ ಎಂದು ಓದಿದೆ.

“ತಡಿ,” ಎಂದ ಅಪ್ಪ. “ಹಂಡಿ ಆದಮ್ಯಾಲೆ ಏನಂದಿ?” ಮತ್ತೆ ಓದಬೇಕಾಯಿತು. ಈ ಸಲ ಒಂದೊಂದು ಮಾತೂ ಎಲ್ಲರಿಗೂ ಕೇಳಿಸುವಂತಿತ್ತು. ಎಕ್ಕಂಬಿಯವರು ಎಲೆ ಮಡಚುವುದನ್ನು ನಿಲ್ಲಿಸಿದರು. ಅಪ್ಪನ ಮುಖ ಕಪ್ಪಿಟ್ಟಿತು. “ಇದು ಮದುವಿ ಯಾದಿಯೋ, ಮಸಣದ ಯಾದಿಯೋ? ನಾವು ಮಗಳನ್ನ ದವಾಖಾನಿಗೆ ಒಯ್ಯಂಗಿಲ್ಲ ಅಂದ್ವೇನು? ಗಾಡಿ ಕೆಟ್ರ ಯಾರೇನ್ ಮಾಡೂದು? ಹೊಡಿ, ಗೀಟು ಹೊಡಿ ಅದನ್ನ!” ನನ್ನ ಕೈಯಲ್ಲಿ ಲೇಖನಿ ಆಗಲೇ ಎದ್ದಿತ್ತು. ಮೇಲಿನವರು ಹೇಳಿದ ಮೇಲೆ ಗೀಟು ಹೊಡೆಯುವುದರಲ್ಲಿ ನಾನು ಎಂದೂ ತಡ ಮಾಡಿದವನಲ್ಲ.

“ಇರ್ಲಿ ಬಿಡ್ರಿ, ಮಾವಾರ,” ಎಂದ ಈರಪ್ಪ. ಅಂದು ಅವನು ಬಾಯಿ ಬಿಟ್ಟದ್ದು ಅದೇ ಮೊದಲು. “ಹೊಡೀಬ್ಯಾಡ್ರಿ. ನಮ್ಮ ಕಡೀಗೂ ಅದನ್ನ ಬರಕೊಳ್ರಿ. ಆಕಿ ಸತ್ತದ್ದು ನನಗ ಮರುದಿನ ಗೊತ್ತಾತು. ಮುಖ ನೋಡಾಕೂ ಆಗಲಿಲ್ಲ, ಸುತ್ತಿ ಕಟ್ಟಿಬಿಟ್ಟಿದ್ರಿ.” ಅಪ್ಪ ಕೆಮ್ಮಿದ. ನಾನು ಗಂಡಿನವರ ಕಡೆಯ ಪಟ್ಟಿಯಲ್ಲೂ ಆ ಸಾಲು ಬರೆದೆ. ಇಲ್ಲಿಗೆ ಮುಗಿಯಿತು, ಬದುಕಿದೆ ಎಂದುಕೊಂಡು ಅರಿಸಿನದ ಬಟ್ಟಲಿಗೆ ಕೈ ಹಾಕಿದೆ.

“ಇನ್ನೊಂದು ಐತಿ,” ಎಂದು ನಡುಬಾಗಿಲ ಹಿಂದಿನಿಂದ ನೀಲವ್ವನ ದನಿ ಬಂತು. ಹಿರಿಯರು ಕೂತಲ್ಲಿ ಮದುವೆಯ ಹುಡುಗಿ ಮಾತಾಡಿದ್ದನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. “ಕೊನೀ ಕಲಮು. ಅಣ್ಣ ಬರದಿಲ್ಲ, ಬಿಟ್ಟಾನ.”

ಅಪ್ಪ ನನ್ನ ಮುಖ ನೋಡಿದ. ನಾನು ಬರೆದೆ. ದುಂಡನೆಯ ಅಕ್ಷರದಲ್ಲೇ ಬರೆದೆ, ಕೈಗೆ ಬೇರೆ ಬರುವುದಿಲ್ಲ. ಓದಿದೆ: ‘ಅಣ್ಣನು ರಜೆಯ ಅರ್ಜಿ ಬರೆಯದೆ ಹೊರಡತಕ್ಕದ್ದು.’ ಇದರ ಅರ್ಥವೇನು ಎಂದು ಎಕ್ಕಂಬಿಯ ಹಿರಿಯರೊಬ್ಬರು ಕೇಳಿದರು. ನನಗೆ ಹೇಳದೆ ಗತ್ಯಂತರವಿರಲಿಲ್ಲ. ಗಾಡಿ ಕೆಟ್ಟಿರಲಿಲ್ಲ ಎಂದೆ. ಹನ್ನೊಂದರಿಂದ ಮೂರರವರೆಗೆ ಎಂದೆ. ಸಹಿಗಾಗಿ ಎಂದೆ. ಅವ್ವ ಗೌರವ್ವನ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಹೊರಗೆ ಬಂದು ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಬಟ್ಟಲು ನನ್ನ ಕೈಯಿಂದ ತೆಗೆದುಕೊಂಡು, ಯಾದಿಯ ನಾಲ್ಕು ಮೂಲೆಗೂ ತಾನೇ ಅರಿಸಿನ ಹಚ್ಚಿ ಒಳಗೆ ಹೋದಳು. ಅಪ್ಪ ಸಹಿ ಹಾಕಿದ. ಸಾಯುವವರೆಗೂ ಅವನು ನನ್ನ ಹತ್ತಿರ ಯಾವ ಕಾಗದವನ್ನೂ ಬರೆಸಲಿಲ್ಲ.

ಮದುವೆ ಆಯಿತು. ಹಸಿರು ಸೀರೆ ಏರಿಸಿ ಪೂಜೆ ಮಾಡಿ, ನೀಲವ್ವ ಅದನ್ನೇ ಉಟ್ಟು ಅಕ್ಷತೆಗೆ ನಿಂತಳು. ಅವಳದೆಂದು ತಂದ ಸೀರೆ ಪೆಟ್ಟಿಗೆಯಲ್ಲೇ ಉಳಿಯಿತು. ವಾಲಗದವರು ಶಿರಸಿಯಿಂದ ಬಂದದ್ದು ಖಾದರ್‌ಸಾಬನ ಮೋಟಾರಿನಲ್ಲಿ. ಅದೂ ಅವಳದೇ ಆಯ್ಕೆ. ಮದುವೆಯ ಮನೆಯ ಮುಂದೆ ಆ ಗಾಡಿ ದಿನವಿಡೀ ನಿಂತಿರಲಿ, ಊರವರು ನೋಡಲಿ ಎಂದಿದ್ದಳು.

ಮರುವರ್ಷ ಹೆರಿಗೆಗೆ ತವರಿಗೆ ಬಂದಳು. ದಿನ ತುಂಬುವ ಮೊದಲೇ ಶಿರಸಿಯಲ್ಲಿ ನನ್ನ ಮನೆಗೆ ತಂದು ಇಟ್ಟುಕೊಳ್ಳುವುದೆಂದು ಮಾತಾಗಿತ್ತು. ಬೇನೆ ಅದಕ್ಕೂ ಮೊದಲೇ ಬಂತು. ಒಂದು ಮಧ್ಯಾಹ್ನ ಕಚೇರಿಯಲ್ಲಿ ತಲೆ ಎತ್ತಿ ನೋಡಿದರೆ ಬಾಗಿಲಲ್ಲಿ ಹನುಮಂತಪ್ಪ, ಬೆವರು ಸುರಿಯುತ್ತ. ಅವನು ಹೇಳಿದ್ದನ್ನೆಲ್ಲ ಕೇಳಿದೆ. ಕೇಳುತ್ತಿದ್ದಂತೆ ನನ್ನ ಕೈ, ನನ್ನನ್ನು ಕೇಳದೆ, ಒಂದು ಹಾಳೆ ಎಳೆದುಕೊಂಡು ಟಾಕಿನ ಲೇಖನಿಯನ್ನು ಮಸಿಯ ದೌತಿಗೆ ಅದ್ದಿ, ‘ರಾ. ರಾ. ಸಾಹೇಬರ ಸೇವೆಯಲ್ಲಿ ನಮ್ರ ವಿಜ್ಞಾಪನೆ’ ಎಂದು ಬರೆದುಬಿಟ್ಟಿತ್ತು. ಹನುಮಂತಪ್ಪ, “ಏ ಅಣ್ಣಾರ! ಮತ್ತೇನ್ರಿ ಇದು!” ಎಂದು ಕೂಗಿದ. ನಾನು ಎದ್ದೆ, ಕುರ್ಚಿ ಬಿತ್ತು, ಓಡಿದೆ. ಹಿಂದಿನಿಂದ ಯಾರೋ ಕರೆದರು. ತಿರುಗಲಿಲ್ಲ.

ಸಂಜೆಯ ಹೊತ್ತಿಗೆ ದವಾಖಾನೆಯಲ್ಲಿ ಗಂಡುಮಗು ಹುಟ್ಟಿತು. ತಾಯಿ ಉಳಿದಳು. ಒಳಗೆ ಬರಬಹುದು ಎಂದು ನರ್ಸಮ್ಮ ಹೇಳಿದ ಮೇಲೆ ಹೋಗಿ ಮಂಚದ ಪಕ್ಕ ನಿಂತೆ. ನೀಲವ್ವನ ಮುಖ ಬಿಳಿಚಿತ್ತು. ಕೊರಳಲ್ಲಿ ತಾಳಿಯ ಪಕ್ಕ ಅಕ್ಕನ ಬಿಲ್ಲೆ ಮಗ್ಗುಲಿಗೆ ಸರಿದಿತ್ತು. ಅವಳು ಕಣ್ಣು ತೆರೆದು, “ಅರ್ಜಿ ಬರದ್ಯೇನು?” ಎಂದಳು. “ಇಲ್ಲ,” ಎಂದೆ. ಅವಳು ನನ್ನ ಬಲಗೈ ಹಿಡಿದು ಎತ್ತಿ ನೋಡಿದಳು. ತೋರುಬೆರಳಿಗೂ ನಡುಬೆರಳಿಗೂ ಮಸಿ ಹತ್ತಿತ್ತು.

“ಎಷ್ಟು ಸಾಲು?”

“ಒಂದ ಸಾಲು.”

“ಮುಂದಿನ ಸಲ ಅದೂ ಬ್ಯಾಡ,” ಎಂದು ಕಣ್ಣು ಮುಚ್ಚಿದಳು.

ಮುಂದಿನ ಸಲವೂ ಬಂತು, ಮೂರು ವರ್ಷದ ಮೇಲೆ, ಈ ಸಲ ಸುದ್ದಿ ಬಂದದ್ದು ಎಕ್ಕಂಬಿಯಿಂದ. ಆಗಲೂ ಎಲ್ಲ ಸುಸೂತ್ರವಾಯಿತು. ಹೆಣ್ಣು ಹುಟ್ಟಿತು, ಗೌರಿ ಎಂದು ಹೆಸರಿಟ್ಟರು. ಮಂಚದ ಪಕ್ಕ ನಿಂತಾಗ ನೀಲವ್ವ ಮತ್ತೆ ನನ್ನ ಕೈ ಹಿಡಿದು ನೋಡಿದಳು. ಬೆರಳು ಶುಭ್ರವಾಗಿದ್ದವು. ಅವಳು ನಕ್ಕಳು, ಅಷ್ಟು ವರ್ಷಗಳಲ್ಲಿ ನನ್ನನ್ನು ನೋಡಿ ಅವಳು ಹಾಗೆ ನಕ್ಕಿರಲಿಲ್ಲ. ಆ ಸಲ ನಾನು ‘ರಾ. ರಾ.’ ಎಂಬಷ್ಟನ್ನು ಮಾತ್ರ ಬರೆದಿದ್ದೆ. ಆಮೇಲೆ ಕಚೇರಿಯ ಹಿಂದಿನ ನೀರಿನ ಬಾನಿಯ ಹತ್ತಿರ ಹೋಗಿ, ಮಸಿ ಪೂರ್ತಿ ಹೋಗುವವರೆಗೆ ಕೈ ತಿಕ್ಕಿ ತೊಳೆದುಕೊಂಡು ಹೊರಟಿದ್ದೆ.